ಪದಸಂಸ್ಕರಣ ತಂತ್ರಾಂಶದ ಸ್ತಂಭನ ಮತ್ತು ಸೆಟ್ಟಿಂಗ್ ಕಡತದ ವಿಕೃತಿ: ದೋಷಶೋಧನೆಯ ಒಂದು ಕ್ರಮ

1. ಪ್ರಸ್ತಾವನೆ

ಕನ್ನಡ ಸಂಶೋಧನೆಯ ಬರವಣಿಗೆ ಇಂದು ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ನಡೆಯುತ್ತದೆ. ಟಿಪ್ಪಣಿ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಒಂದು ಚೀಟಿ ಕಳೆದರೆ ಆ ಚೀಟಿ ಮಾತ್ರ ಕಳೆಯುತ್ತಿತ್ತು. ಪದಸಂಸ್ಕರಣ ತಂತ್ರಾಂಶದ ಸಂದರ್ಭ ಹಾಗಲ್ಲ. ಕಾಗುಣಿತ ತಪಾಸಣೆಗೆಂದು ಒಂದೊಂದಾಗಿ ಸೇರಿಸಿದ ಹಳಗನ್ನಡ ಪದಗಳು, ಶಾಸನಪದಗಳ ಸಂಕ್ಷೇಪಕ್ಕೆ ರೂಪಿಸಿಕೊಂಡ ಸ್ವಯಂತಿದ್ದುಪಡಿಗಳು, ಅಡಿಟಿಪ್ಪಣಿಯ ಶೈಲಿ, ಮಹಾಪ್ರಬಂಧದ ಪುಟವಿನ್ಯಾಸದ ಮಾದರಿ ಇವೆಲ್ಲವೂ ಬಳಕೆದಾರರ ಕಣ್ಣಿಗೆ ಬೀಳದ ಒಂದೇ ಫೋಲ್ಡರಿನಲ್ಲಿ ಶೇಖರವಾಗಿರುತ್ತವೆ. ಆ ಫೋಲ್ಡರಿನ ಒಂದು ಕಡತ ಕೆಟ್ಟರೆ ತಂತ್ರಾಂಶ ಆರಂಭದಲ್ಲಿಯೇ ನಿಂತುಬಿಡಬಹುದು. ಹಾಗೆ ನಿಂತುದನ್ನು ಸರಿಪಡಿಸುವ ಅವಸರದಲ್ಲಿ ಇಡೀ ಫೋಲ್ಡರನ್ನು ಅಳಿಸಿದರೆ ಹಲವು ವರ್ಷಗಳ ಸಂಗ್ರಹವೂ ಅದರೊಂದಿಗೆ ಹೋಗಬಹುದು.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ದೊರೆಯುವ ಸಲಹೆಗಳು ಎರಡು. ತಂತ್ರಾಂಶವನ್ನು ತೆಗೆದು ಮತ್ತೆ ಸ್ಥಾಪಿಸುವುದು ಒಂದು, ಬಳಕೆದಾರರ ಪ್ರೊಫೈಲನ್ನು ಅಳಿಸಿಬಿಡುವುದು ಇನ್ನೊಂದು. ಮೊದಲನೆಯದು ಬಹುತೇಕ ನಿಷ್ಫಲ, ಎರಡನೆಯದು ಫಲಕಾರಿಯಾದರೂ ಅಪಾಯಕಾರಿ. ಇವೆರಡಕ್ಕೂ ಬದಲಾಗಿ ಕ್ರಮಬದ್ಧವಾದ ದೋಷಶೋಧನೆಯ ಮಾರ್ಗವೊಂದಿದೆ ಎಂಬುದನ್ನು ಲಿಬ್ರೆಆಫೀಸ್ ರೈಟರ್ ತಂತ್ರಾಂಶವನ್ನು ನಿದರ್ಶನವಾಗಿ ಇಟ್ಟುಕೊಂಡು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಾಕ್ಷ್ಯವನ್ನು ಕೆಡಿಸದೆ ಕಾಪಾಡುವುದು, ಪ್ರತಿಗಳನ್ನು ಹೋಲಿಸುವುದು, ದೋಷ ಯಾವ ಹಂತದಲ್ಲಿ ಸೇರಿತೆಂದು ನಿರ್ಣಯಿಸುವುದು ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಹೊಸದಲ್ಲ. ಎಸ್. ಎಂ. ಕತ್ರೆ ಅವರು 1941ರಲ್ಲಿ ಪ್ರಕಟಿಸಿದ ಭಾರತೀಯ ಪಾಠವಿಮರ್ಶೆಯ ಕೃತಿಯಿಂದಲೂ ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯಿಂದಲೂ ಕನ್ನಡ ವಿಭಾಗಗಳಿಗೆ ಪರಿಚಿತವಾಗಿರುವ ಈ ಶಿಸ್ತು ಇಲ್ಲಿಯೂ ಉಪಯುಕ್ತವಾಗುತ್ತದೆ.

ಲಿಬ್ರೆಆಫೀಸನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 2000ದಲ್ಲಿ ಸ್ಟಾರ್‌ಆಫೀಸಿನ ಆಕರಸಂಕೇತವನ್ನು ಮುಕ್ತಗೊಳಿಸಿದುದರಿಂದ ಓಪನ್‌ಆಫೀಸ್ ಹುಟ್ಟಿತು. ಅದರಿಂದ 2010ರಲ್ಲಿ ಕವಲೊಡೆದು ಬಂದುದು ಲಿಬ್ರೆಆಫೀಸ್. ಇದು ಶುಲ್ಕವಿಲ್ಲದೆ ದೊರೆಯುತ್ತದೆ, ಕನ್ನಡ ಯುನಿಕೋಡ್ ಲಿಪಿಯನ್ನು ನಿರ್ವಹಿಸುತ್ತದೆ. ಇದರ ಸೆಟ್ಟಿಂಗ್ ಕಡತಗಳು ತೆರೆದು ಓದಬಹುದಾದ ಪಠ್ಯರೂಪದಲ್ಲಿರುವುದು ಅಧ್ಯಯನದ ದೃಷ್ಟಿಯಿಂದ ಹೆಚ್ಚು ಮುಖ್ಯವಾದ ಸಂಗತಿ.

2. ಮೂರು ಪದರಗಳ ವಿವೇಚನೆ

ದೋಷಶೋಧನೆಯ ಮೊದಲ ಹೆಜ್ಜೆ ‘ತಂತ್ರಾಂಶ ಕೆಟ್ಟಿದೆ’ ಎಂಬ ಮಾತನ್ನು ಬಿಡಿಸಿ ನೋಡುವುದು. ಬಳಕೆದಾರರು ತಂತ್ರಾಂಶವೆಂದು ಒಟ್ಟಾಗಿ ಕರೆಯುವುದರಲ್ಲಿ ಮೂರು ಪ್ರತ್ಯೇಕ ಪದರಗಳಿವೆ. ಮೊದಲನೆಯದು ಸ್ಥಾಪಿತ ತಂತ್ರಾಂಶ. ಇದು ವಿಂಡೋಸಿನಲ್ಲಿ ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರಿನಲ್ಲಿರುತ್ತದೆ. ದಿನನಿತ್ಯದ ಬಳಕೆಯಲ್ಲಿ ಇದು ಬದಲಾಗುವುದಿಲ್ಲ. ಎರಡನೆಯದು ಬಳಕೆದಾರರ ದಾಖಲೆ, ಎಂದರೆ ಪ್ರಬಂಧದ ಅಧ್ಯಾಯಗಳು. ಮೂರನೆಯದು ಬಳಕೆದಾರರ ಪ್ರೊಫೈಲ್. ಇದು ವಿಂಡೋಸಿನಲ್ಲಿ ಆ್ಯಪ್‌ಡೇಟಾ ಎಂಬ ಅಡಗಿದ ಫೋಲ್ಡರಿನ ಒಳಗೆ, ಲಿನಕ್ಸಿನಲ್ಲಿ ಬಳಕೆದಾರರ ಮನೆಫೋಲ್ಡರಿನ ಕಾನ್ಫಿಗ್ ಭಾಗದಲ್ಲಿ ಇರುತ್ತದೆ. ಎರಡರಲ್ಲಿಯೂ ಲಿಬ್ರೆಆಫೀಸ್ ಎಂಬ ಫೋಲ್ಡರು, ಅದರೊಳಗೆ 4 ಎಂಬ ಅಂಕಿಯ ಫೋಲ್ಡರು, ಅದರೊಳಗೆ ಯೂಸರ್ ಎಂಬ ಫೋಲ್ಡರು ಕಾಣುತ್ತವೆ. ತಂತ್ರಾಂಶದ ಆವೃತ್ತಿ ಮುಂದುವರಿದು 2024ರಲ್ಲಿ ವರ್ಷಸೂಚಕವಾದ 24.2 ಎಂಬ ಕ್ರಮಕ್ಕೆ ಬದಲಾದರೂ ಫೋಲ್ಡರಿನ ಹೆಸರಿನಲ್ಲಿ 4 ಎಂಬುದೇ ಉಳಿದುಕೊಂಡಿದೆ. ಹೀಗಾಗಿ ಅದನ್ನು ಹಳೆಯ ಆವೃತ್ತಿಯ ಅವಶೇಷವೆಂದು ಭಾವಿಸಿ ಅಳಿಸಕೂಡದು.

ಪ್ರೊಫೈಲಿನ ಒಳಗಿರುವ ಮುಖ್ಯ ಭಾಗಗಳು ಇವು. ರಿಜಿಸ್ಟ್ರಿಮಾಡಿಫಿಕೇಷನ್ಸ್ ಎಂಬ, ಎಕ್ಸ್‌ಸಿಯು ಎಂಬ ವಿಸ್ತರಣನಾಮವುಳ್ಳ ಕಡತದಲ್ಲಿ ಬಳಕೆದಾರರು ಮೂಲಸ್ಥಿತಿಯಿಂದ ಬದಲಿಸಿಕೊಂಡ ಆಯ್ಕೆಗಳು ಎಕ್ಸ್‌ಎಂಎಲ್ ರೂಪದಲ್ಲಿ ದಾಖಲಾಗುತ್ತವೆ. ವರ್ಡ್‌ಬುಕ್ ಫೋಲ್ಡರಿನಲ್ಲಿ ಬಳಕೆದಾರರು ಸೇರಿಸಿದ ಪದಕೋಶಗಳು, ಆಟೋಕರ್ ಫೋಲ್ಡರಿನಲ್ಲಿ ಸ್ವಯಂತಿದ್ದುಪಡಿಯ ಪಟ್ಟಿಗಳು, ಆಟೋಟೆಕ್ಸ್ಟ್ ಫೋಲ್ಡರಿನಲ್ಲಿ ಸಿದ್ಧವಾಕ್ಯಗಳು, ಟೆಂಪ್ಲೇಟ್ ಫೋಲ್ಡರಿನಲ್ಲಿ ಪುಟಮಾದರಿಗಳು, ಬ್ಯಾಕಪ್ ಫೋಲ್ಡರಿನಲ್ಲಿ ಸ್ವಯಂಚೇತರಿಕೆಯ ಪ್ರತಿಗಳು ಇರುತ್ತವೆ.

ಈ ವಿಂಗಡಣೆಯಿಂದ ಎರಡು ನಿರ್ಣಯಗಳು ದೊರೆಯುತ್ತವೆ. ತಂತ್ರಾಂಶವನ್ನು ತೆಗೆದು ಮತ್ತೆ ಸ್ಥಾಪಿಸಿದಾಗ ಬದಲಾಗುವುದು ಮೊದಲ ಪದರ ಮಾತ್ರ, ಪ್ರೊಫೈಲ್ ಹಾಗೆಯೇ ಉಳಿಯುತ್ತದೆ. ಆದುದರಿಂದ ಪ್ರೊಫೈಲಿನಲ್ಲಿರುವ ದೋಷ ಮರುಸ್ಥಾಪನೆಯ ನಂತರವೂ ಮರುಕಳಿಸುತ್ತದೆ. ಇನ್ನು ಪ್ರೊಫೈಲನ್ನು ಅಳಿಸಿದರೆ ಕೆಟ್ಟ ಸೆಟ್ಟಿಂಗಿನೊಂದಿಗೆ ಪದಕೋಶವೂ ಸ್ವಯಂಚೇತರಿಕೆಯ ಪ್ರತಿಗಳೂ ಹೋಗುತ್ತವೆ. ಸ್ತಂಭನದ ವೇಳೆ ಉಳಿಸದೆ ಬಿಟ್ಟ ಪುಟಗಳ ಕಡೆಯ ಆಸರೆ ಆ ಪ್ರತಿಗಳೇ ಎಂಬುದನ್ನು ಮರೆಯುವಂತಿಲ್ಲ.

3. ಸ್ತಂಭನದ ಸ್ವರೂಪ

ಆಡುಮಾತಿನಲ್ಲಿ ‘ಹ್ಯಾಂಗ್ ಆಯಿತು’ ಎನ್ನುವ ಸ್ಥಿತಿಯನ್ನೂ ತಂತ್ರಾಂಶ ತಾನಾಗಿ ಮುಚ್ಚಿಹೋಗುವ ಕ್ರ್ಯಾಷ್ ಸ್ಥಿತಿಯನ್ನೂ ಬೇರ್ಪಡಿಸಬೇಕು. ಕ್ರ್ಯಾಷ್ ಆದಾಗ ಪ್ರಕ್ರಿಯೆಯೇ ಕೊನೆಗೊಳ್ಳುತ್ತದೆ. ಹ್ಯಾಂಗ್ ಆದಾಗ ಪ್ರಕ್ರಿಯೆ ಜೀವಂತವಾಗಿರುತ್ತದೆ, ಆದರೆ ಕೀಲಿಮಣೆ ಮತ್ತು ಮೌಸಿನ ಸೂಚನೆಗಳನ್ನು ಸ್ವೀಕರಿಸುವುದಿಲ್ಲ. ಪರದೆಯ ಮೇಲೆ ಕಾಣುವ ಪ್ರತಿ ತಂತ್ರಾಂಶಕ್ಕೂ ಇಂತಹ ಸೂಚನೆಗಳ ಸರದಿಸಾಲೊಂದು ಇರುತ್ತದೆ. ತಂತ್ರಾಂಶವು ಸಾಲಿನಿಂದ ಒಂದೊಂದೇ ಸೂಚನೆಯನ್ನು ತೆಗೆದುಕೊಂಡು ಪೂರೈಸುತ್ತ ಹೋಗಬೇಕು. ಯಾವುದೋ ಒಂದು ಕೆಲಸದಲ್ಲಿ ಸಿಕ್ಕಿಕೊಂಡರೆ ಸಾಲು ಮುಂದೆ ಸರಿಯುವುದಿಲ್ಲ. ವಿಂಡೋಸ್ ವ್ಯವಸ್ಥೆಯು ಐದು ಸೆಕೆಂಡುಗಳವರೆಗೆ ಸಾಲು ಕದಲದಿದ್ದರೆ ಆ ಕಿಟಕಿಯನ್ನು ಪ್ರತಿಕ್ರಿಯೆಯಿಲ್ಲದ್ದೆಂದು ಪರಿಗಣಿಸಿ, ಶೀರ್ಷಿಕೆಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ತೋರಿಸುತ್ತದೆ. ಆದುದರಿಂದ ಆ ಮಾತು ಮರಣಶಾಸನವಲ್ಲ. ನಾನೂರು ಪುಟಗಳ ಪ್ರಬಂಧವನ್ನು ಸಾವಿರಾರು ಅಡಿಟಿಪ್ಪಣಿಗಳೊಂದಿಗೆ ತೆರೆಯುವಾಗ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿಯುವುದು ಅಸಹಜವಲ್ಲ.

ಕಾಯಬೇಕೆ ನಿಲ್ಲಿಸಬೇಕೆ ಎಂಬುದನ್ನು ಟಾಸ್ಕ್ ಮ್ಯಾನೇಜರಿನ ಅಂಕಿಗಳಿಂದ ಸ್ಥೂಲವಾಗಿ ಊಹಿಸಬಹುದು. ಸಂಸ್ಕಾರಕದ ಬಳಕೆ ಸತತವಾಗಿ ಹೆಚ್ಚಾಗಿದ್ದರೆ ತಂತ್ರಾಂಶ ದೊಡ್ಡ ಕೆಲಸದಲ್ಲಿ ತೊಡಗಿದೆ, ಇಲ್ಲವೇ ಮುಗಿಯದ ಆವರ್ತದಲ್ಲಿ ಸಿಕ್ಕಿದೆ. ಬಳಕೆ ಸೊನ್ನೆಯಲ್ಲಿದ್ದು ಡಿಸ್ಕಿನ ಚಟುವಟಿಕೆಯೂ ಇಲ್ಲದಿದ್ದರೆ ಅದು ಏನನ್ನೋ ಕಾಯುತ್ತಿದೆ. ಆ ‘ಏನೋ’ ಬಹಳ ಸಲ ತಂತ್ರಾಂಶದ ಹೊರಗಿರುತ್ತದೆ: ಸಂಪರ್ಕ ಕಡಿದುಹೋದ ಜಾಲಮುದ್ರಕ, ಕಳಚಿಟ್ಟ ಪೆನ್‌ಡ್ರೈವಿನ ವಿಳಾಸ, ದೊರೆಯದ ಜಾಲಫೋಲ್ಡರು. ವಿಭಾಗದ ಮುದ್ರಕಕ್ಕೆ ಜೋಡಿಸಿದ ಲ್ಯಾಪ್‌ಟಾಪನ್ನು ಮನೆಯಲ್ಲಿ ತೆರೆದಾಗ ಮಾತ್ರ ತಂತ್ರಾಂಶ ನಿಲ್ಲುತ್ತಿದ್ದರೆ ಮೊದಲು ಸಂದೇಹಿಸಬೇಕಾದುದು ಮುದ್ರಕವನ್ನು. ಡೀಫಾಲ್ಟ್ ಮುದ್ರಕವನ್ನು ಬದಲಿಸಿ ನೋಡಿದರೆ ಇದು ತಿಳಿಯುತ್ತದೆ. ಟೂಲ್ಸ್ ಪಟ್ಟಿಯ ಆಪ್ಷನ್ಸಿನಲ್ಲಿ, ಲೋಡ್-ಸೇವ್ ವಿಭಾಗದಡಿ, ದಾಖಲೆಯೊಂದಿಗೆ ಮುದ್ರಕದ ಸೆಟ್ಟಿಂಗನ್ನು ತರುವ ಆಯ್ಕೆಯೂ ಇದೆ. ಅದನ್ನು ತೆಗೆದು ಪರೀಕ್ಷಿಸಬಹುದು.

ಇನ್ನೊಂದು ಸಂಗತಿಯೂ ಗಮನಾರ್ಹ. ತಂತ್ರಾಂಶದ ಚಿಹ್ನೆಯನ್ನು ಎಷ್ಟು ಸಲ ಒತ್ತಿದರೂ ಏನೂ ತೆರೆಯದಿರುವುದು ಬಳಕೆದಾರರನ್ನು ಹೆಚ್ಚು ಗಾಬರಿಗೊಳಿಸುತ್ತದೆ. ಒಂದು ಪ್ರೊಫೈಲಿಗೆ ಲಿಬ್ರೆಆಫೀಸಿನ ಒಂದೇ ಪ್ರಕ್ರಿಯೆ ನಡೆಯುವಂತೆ ರಚನೆಯಿದೆ. ಹಿಂದಿನ ಪ್ರಕ್ರಿಯೆ ಕಣ್ಮರೆಯಾಗಿ ನಿಂತಿದ್ದರೆ ಹೊಸ ಕೋರಿಕೆಗಳೆಲ್ಲ ಅದಕ್ಕೇ ಹೋಗಿ ಸೇರುತ್ತವೆ, ಉತ್ತರ ಬರುವುದಿಲ್ಲ. ವಿಂಡೋಸಿನಲ್ಲಿ ಎಸ್‌ಆಫೀಸ್.ಇಎಕ್ಸ್‌ಇ ಮತ್ತು ಎಸ್‌ಆಫೀಸ್.ಬಿನ್ ಎಂಬ ಎರಡು ಹೆಸರುಗಳು ಟಾಸ್ಕ್ ಮ್ಯಾನೇಜರಿನಲ್ಲಿ ಕಾಣುತ್ತವೆ. ಎರಡನೆಯದು ಉಳಿದಿರುವವರೆಗೆ ತಂತ್ರಾಂಶ ನಿಜವಾಗಿ ಮುಚ್ಚಿಲ್ಲವೆಂದೇ ತಿಳಿಯಬೇಕು.

4. ವಿಕೃತಿ ಸಂಭವಿಸುವ ಬಗೆ

ಸ್ತಂಭನಕ್ಕೂ ಸೆಟ್ಟಿಂಗ್ ಕಡತದ ವಿಕೃತಿಗೂ ಎರಡು ದಿಕ್ಕಿನ ಸಂಬಂಧವಿದೆ. ವಿಕೃತ ಕಡತ ಸ್ತಂಭನಕ್ಕೆ ಕಾರಣವಾಗಬಹುದು. ಸ್ತಂಭಿಸಿದ ತಂತ್ರಾಂಶವನ್ನು ಬಲವಂತವಾಗಿ ನಿಲ್ಲಿಸಿದಾಗ ಆ ಕ್ಷಣದಲ್ಲಿ ಬರೆಯಲಾಗುತ್ತಿದ್ದ ಕಡತ ವಿಕೃತಗೊಳ್ಳಲೂಬಹುದು. ಹೀಗೆ ಕಾರಣ ಮತ್ತು ಕಾರ್ಯ ಒಂದನ್ನೊಂದು ಪೋಷಿಸುವುದರಿಂದ ಮೊದಲ ದೋಷ ಮಾಯವಾದ ಮೇಲೂ ತೊಂದರೆ ಮುಂದುವರಿಯುವುದುಂಟು.

ಕಡತವೊಂದನ್ನು ಉಳಿಸುವ ಸರಳ ವಿಧಾನವೆಂದರೆ ಹಳೆಯದನ್ನು ಬರಿದು ಮಾಡಿ ಅದರ ಸ್ಥಾನದಲ್ಲಿಯೇ ಹೊಸದನ್ನು ಬರೆಯುವುದು. ಬರಿದಾದ ನಂತರ, ಬರೆದು ಮುಗಿಯುವ ಮೊದಲು ವಿದ್ಯುತ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇದನ್ನು ತಪ್ಪಿಸಲು ಹೊಸ ಪಾಠವನ್ನು ತಾತ್ಕಾಲಿಕ ಕಡತವೊಂದರಲ್ಲಿ ಪೂರ್ತಿಯಾಗಿ ಬರೆದು, ಅನಂತರ ಅದಕ್ಕೆ ಹಳೆಯ ಕಡತದ ಹೆಸರನ್ನು ಕೊಡುವ ವಿಧಾನ ರೂಢಿಗೆ ಬಂದಿದೆ. ಹೆಸರು ಬದಲಿಸುವ ಕ್ರಿಯೆ ಅವಿಭಾಜ್ಯವಾದುದರಿಂದ ಯಾವ ಕ್ಷಣದಲ್ಲಿ ಅಡ್ಡಿಯಾದರೂ ಹಳೆಯ ಪ್ರತಿಯೋ ಹೊಸ ಪ್ರತಿಯೋ ಒಂದು ಪೂರ್ಣವಾಗಿ ಉಳಿಯಬೇಕೆಂಬುದು ಇದರ ತತ್ತ್ವ.

ಈ ತತ್ತ್ವವೂ ಎಡವಿದ ನಿದರ್ಶನವಿದೆ. ಲಿನಕ್ಸಿನ ಎಕ್ಸ್ಟ್4 ಎಂಬ ಕಡತವ್ಯವಸ್ಥೆ 2008ರ ಡಿಸೆಂಬರಿನಲ್ಲಿ ಹೊರಬಂದ ಕರ್ನೆಲ್ 2.6.28ರಲ್ಲಿ ಸ್ಥಿರವೆಂದು ಘೋಷಿತವಾಯಿತು. ವೇಗಕ್ಕಾಗಿ ಅದು ಕಡತದ ಒಳಭಾಗವನ್ನು ಡಿಸ್ಕಿಗೆ ಬರೆಯುವುದನ್ನು ತುಸು ಕಾಲ ಮುಂದೂಡುತ್ತಿತ್ತು. 2009ರ ಆರಂಭದಲ್ಲಿ, ಯಂತ್ರ ಹಠಾತ್ತನೆ ನಿಂತಾಗ ಡೆಸ್ಕ್‌ಟಾಪ್ ತಂತ್ರಾಂಶಗಳ ಸೆಟ್ಟಿಂಗ್ ಕಡತಗಳು ಸೊನ್ನೆ ಗಾತ್ರದವಾಗಿ ಉಳಿದುದನ್ನು ಬಳಕೆದಾರರು ವರದಿ ಮಾಡಿದರು. ಹೆಸರಿನ ಬದಲಾವಣೆ ಡಿಸ್ಕನ್ನು ತಲುಪಿತ್ತು, ಒಳಗಿನ ಪಾಠ ತಲುಪಿರಲಿಲ್ಲ. ದೋಷ ಕಡತವ್ಯವಸ್ಥೆಯದೋ, ಬರೆದುದು ಡಿಸ್ಕಿಗೆ ಮುಟ್ಟಿದೆಯೆಂದು ಖಚಿತಪಡಿಸಿಕೊಳ್ಳದ ತಂತ್ರಾಂಶಗಳದೋ ಎಂಬ ಚರ್ಚೆ ನಡೆದು, ಕಡೆಗೆ ಅದೇ ವರ್ಷ ಕರ್ನೆಲ್ 2.6.30ರಲ್ಲಿ ಪರಿಹಾರ ಸೇರಿತು. ಹೆಸರು ಉಳಿದು ಪಾಠ ಲುಪ್ತವಾದ ಈ ಕಡತಗಳು ಸೂಚಿಯಲ್ಲಿ ಹೆಸರಿದ್ದೂ ಕಟ್ಟು ಬಿಚ್ಚಿದಾಗ ಗರಿಯಿಲ್ಲದ ಓಲೆಪ್ರತಿಯನ್ನು ನೆನಪಿಸುತ್ತವೆ.

ವಿಕೃತ ಸೆಟ್ಟಿಂಗ್ ಕಡತಗಳನ್ನು ಅವುಗಳ ಸ್ಥಿತಿಗೆ ಅನುಸಾರವಾಗಿ ಮೂರು ವರ್ಗಗಳಲ್ಲಿ ಇಡಬಹುದು. ಒಂದು, ಗಾತ್ರ ಸೊನ್ನೆಯಾದ ಅಥವಾ ಒಳಗೆ ಬರಿಯ ಶೂನ್ಯಸಂಕೇತಗಳಿರುವ ಬರಿದು ಕಡತ. ಎರಡು, ಆರಂಭ ಸರಿಯಾಗಿದ್ದು ನಡುವೆ ತುಂಡಾದ ಕಡತ. ಇದು ಗ್ರಂಥಪಾತಕ್ಕೆ ಸಮಾನ. ಮೂರು, ರೂಪದಲ್ಲಿ ಶುದ್ಧವಾಗಿದ್ದು ಅರ್ಥದಲ್ಲಿ ದುಷ್ಟವಾದ ಕಡತ. ಈಗ ಇಲ್ಲದ ಫೋಲ್ಡರಿನ ವಿಳಾಸ, ಈಗ ಜೋಡಿಸಿಲ್ಲದ ಎರಡನೆಯ ಪರದೆಯ ಮೇಲಿನ ಕಿಟಕಿಯ ಸ್ಥಾನ ಇಂತಹವು ಈ ವರ್ಗಕ್ಕೆ ಸೇರುತ್ತವೆ. ಮೊದಲೆರಡನ್ನು ಯಂತ್ರವೇ ಗುರುತಿಸಬಲ್ಲದು. ಮೂರನೆಯದು, ಛಂದಸ್ಸಿಗೆ ಹೊಂದಿಕೊಂಡ ಅಪಪಾಠದಂತೆ, ಮೇಲುನೋಟಕ್ಕೆ ಸಿಕ್ಕದು.

ವಿಕೃತಿಗೆ ವಿದ್ಯುತ್ ಕಡಿತ ಮತ್ತು ಬಲವಂತದ ಮುಕ್ತಾಯವಲ್ಲದೆ ಬೇರೆ ಕಾರಣಗಳೂ ಇವೆ. ಡಿಸ್ಕಿನಲ್ಲಿ ಸ್ಥಳ ಮುಗಿದಿರುವುದು, ಪ್ರೊಫೈಲನ್ನು ಪೆನ್‌ಡ್ರೈವಿನಲ್ಲಿಟ್ಟು ಮುಚ್ಚುವ ಮೊದಲೇ ಕಳಚುವುದು, ಒಂದೇ ಪ್ರೊಫೈಲನ್ನು ಎರಡು ಯಂತ್ರಗಳ ನಡುವೆ ಏಕಕಾಲದಲ್ಲಿ ಹೊಂದಿಸುವ ಕ್ಲೌಡ್ ಸೇವೆಗೆ ಒಪ್ಪಿಸುವುದು, ಡಿಸ್ಕಿನ ಸವಕಳಿ ಇವು ಮುಖ್ಯವಾದವು. ಹಲವು ತಂತ್ರಾಂಶಗಳ ಸೆಟ್ಟಿಂಗುಗಳು ಒಂದರ ಹಿಂದೆ ಒಂದು ಕೆಡುತ್ತಿದ್ದರೆ ದೋಷ ಯಾವುದೇ ಒಂದು ತಂತ್ರಾಂಶದಲ್ಲಿಲ್ಲ. ಆಗ ಡಿಸ್ಕನ್ನೇ ಪರೀಕ್ಷಿಸಬೇಕು. ಅದಕ್ಕೂ ಮೊದಲು ಪ್ರಬಂಧದ ಪ್ರತಿಯನ್ನು ಬೇರೆಡೆಗೆ ಸಾಗಿಸಬೇಕು.

5. ದೋಷಶೋಧನೆಯ ಕ್ರಮ

5.1 ಸಾಕ್ಷ್ಯರಕ್ಷಣೆ. ಮೊದಲ ಕೆಲಸ ದುರಸ್ತಿಯಲ್ಲ, ರಕ್ಷಣೆ. ಸ್ತಂಭಿಸಿದ ತಂತ್ರಾಂಶಕ್ಕೆ ಕೆಲವು ನಿಮಿಷಗಳ ಕಾಲಾವಕಾಶ ಕೊಟ್ಟು, ಕದಲದಿದ್ದರೆ ಎರಡೂ ಪ್ರಕ್ರಿಯೆಗಳನ್ನು ನಿಲ್ಲಿಸಬೇಕು. ಮತ್ತೆ ತೆರೆಯುವ ಮೊದಲು ಯೂಸರ್ ಫೋಲ್ಡರನ್ನು ಇಡಿಯಾಗಿ ಬೇರೊಂದು ಸ್ಥಳಕ್ಕೆ ನಕಲು ಮಾಡಿ ದಿನಾಂಕದೊಂದಿಗೆ ಹೆಸರಿಡಬೇಕು. ಸೆಟ್ಟಿಂಗನ್ನು ಓದಲಾಗದ ತಂತ್ರಾಂಶ ಮೂಲಸ್ಥಿತಿಯಲ್ಲಿಯೇ ತೆರೆದುಕೊಂಡು, ಮುಚ್ಚುವಾಗ ಆ ಮೂಲಸ್ಥಿತಿಯನ್ನೇ ಹಳೆಯ ಕಡತದ ಮೇಲೆ ಬರೆದುಬಿಡಬಹುದು. ಹಾಗಾದರೆ ಅಲ್ಲಿಯವರೆಗೆ ಚೇತರಿಸಿಕೊಳ್ಳಬಹುದಾಗಿದ್ದುದೂ ಕೈತಪ್ಪುತ್ತದೆ. ದಾಖಲೆಯ ಪಕ್ಕದಲ್ಲಿ ಲಾಕ್ ಎಂಬ ಹೆಸರಿನಿಂದ ಆರಂಭವಾಗುವ ಅಡಗಿದ ಕಡತವೊಂದು ಉಳಿದು, ದಾಖಲೆ ಬೇರೆಯವರ ಬಳಕೆಯಲ್ಲಿದೆ ಎಂಬ ಸೂಚನೆ ಬರಬಹುದು. ಅದು ಬಲವಂತದ ಮುಕ್ತಾಯದ ಅವಶೇಷ. ಬೇರೆ ಯಂತ್ರದಲ್ಲಿ ಆ ದಾಖಲೆ ನಿಜವಾಗಿ ತೆರೆದಿಲ್ಲವೆಂದು ಖಚಿತಪಡಿಸಿಕೊಂಡು ಅದನ್ನು ತೆಗೆಯಬಹುದು.

5.2 ದಾಖಲೆಯೋ ತಂತ್ರಾಂಶವೋ. ಬರಿದಾದ ಹೊಸ ದಾಖಲೆಯನ್ನು ತೆರೆದಾಗಲೂ ಸ್ತಂಭನವಾಗುವುದೇ ಎಂದು ನೋಡಬೇಕು. ಆಗದಿದ್ದು ನಿರ್ದಿಷ್ಟ ಅಧ್ಯಾಯವನ್ನು ತೆರೆದಾಗ ಮಾತ್ರ ಆದರೆ ಪ್ರೊಫೈಲನ್ನು ಮುಟ್ಟುವ ಅಗತ್ಯವಿಲ್ಲ. 2006ರಲ್ಲಿ ಐಎಸ್‌ಒ ಮಾನಕವಾದ ಓಪನ್ ಡಾಕ್ಯುಮೆಂಟ್ ರೂಪದ ದಾಖಲೆಯು ವಾಸ್ತವವಾಗಿ ಒಂದು ಜಿಪ್ ಕಟ್ಟು. ಪಠ್ಯ, ಶೈಲಿಗಳು, ಚಿತ್ರಗಳು, ಆ ದಾಖಲೆಯದೇ ಸೆಟ್ಟಿಂಗುಗಳು ಅದರೊಳಗೆ ಬೇರೆಬೇರೆ ಕಡತಗಳಾಗಿ ಇರುತ್ತವೆ. ನಕಲೊಂದನ್ನು ಬಿಚ್ಚಿ ಪಠ್ಯವನ್ನು ಹೊರತೆಗೆಯುವುದು ಸಾಧ್ಯ. ಅಧ್ಯಾಯದ ಪೂರ್ವಾರ್ಧವನ್ನೂ ಉತ್ತರಾರ್ಧವನ್ನೂ ಬೇರ್ಪಡಿಸಿ ಪರೀಕ್ಷಿಸಿದರೆ ದೋಷಕಾರಿಯಾದ ಚಿತ್ರ ಅಥವಾ ಕೋಷ್ಟಕ ಪತ್ತೆಯಾಗುತ್ತದೆ.

5.3 ಸೇಫ್ ಮೋಡ್. ಹೊಸ ದಾಖಲೆಯಲ್ಲಿಯೂ ಸ್ತಂಭನವಾದರೆ ಸೇಫ್ ಮೋಡನ್ನು ಆಶ್ರಯಿಸಬೇಕು. 2017ರಲ್ಲಿ ಬಂದ 5.3ನೆಯ ಆವೃತ್ತಿಯಿಂದ ಹೆಲ್ಪ್ ಪಟ್ಟಿಯಲ್ಲಿಯೇ ಈ ಸೌಲಭ್ಯವಿದೆ. ಇದು ಬಳಕೆದಾರರ ಪ್ರೊಫೈಲನ್ನು ಬದಿಗಿರಿಸಿ ತಾತ್ಕಾಲಿಕವಾದ ಹೊಸ ಪ್ರೊಫೈಲಿನೊಂದಿಗೆ ತಂತ್ರಾಂಶವನ್ನು ತೆರೆಯುತ್ತದೆ. ಅದೇ ವೇಳೆಗೆ ಚಿತ್ರಸಂಸ್ಕಾರಕವನ್ನು ಬಳಸುವ ಹಾರ್ಡ್‌ವೇರ್ ವೇಗೋತ್ಕರ್ಷವನ್ನೂ ನಿಲ್ಲಿಸುತ್ತದೆ. ಇಲ್ಲಿ ಎಚ್ಚರಿಕೆ ಅಗತ್ಯ. ಸೇಫ್ ಮೋಡಿನಲ್ಲಿ ತಂತ್ರಾಂಶ ಸರಿಯಾಗಿ ನಡೆದರೆ ಪ್ರೊಫೈಲೇ ಕೆಟ್ಟಿದೆ ಎಂದು ಕೂಡಲೇ ತೀರ್ಮಾನಿಸುವಂತಿಲ್ಲ, ಏಕೆಂದರೆ ಏಕಕಾಲದಲ್ಲಿ ಎರಡು ಅಂಶಗಳು ಬದಲಾಗಿವೆ. ಸೇಫ್ ಮೋಡಿನ ಸಂವಾದಪೆಟ್ಟಿಗೆಯಲ್ಲಿ ವೇಗೋತ್ಕರ್ಷವನ್ನು ಮಾತ್ರ ನಿಲ್ಲಿಸುವ ಆಯ್ಕೆಯಿದೆ. ಅದನ್ನು ಮಾತ್ರ ಅನ್ವಯಿಸಿ ಹಳೆಯ ಪ್ರೊಫೈಲಿನೊಂದಿಗೆ ತೆರೆದು ನೋಡಬೇಕು. ಸ್ತಂಭನ ನಿಂತರೆ ದೋಷ ಚಿತ್ರಣದ್ದು, ನಿಲ್ಲದಿದ್ದರೆ ಪ್ರೊಫೈಲಿನದು. ಸೇಫ್ ಮೋಡಿನಲ್ಲಿಯೂ ಸ್ತಂಭನ ಮರುಕಳಿಸಿದರೆ ಸ್ಥಾಪಿತ ತಂತ್ರಾಂಶವನ್ನು, ಮುದ್ರಕವನ್ನು ಅಥವಾ ಕಾರ್ಯವ್ಯವಸ್ಥೆಯನ್ನು ಸಂದೇಹಿಸಬೇಕು. ಮರುಸ್ಥಾಪನೆಗೆ ಅರ್ಥ ಬರುವುದು ಈ ಹಂತದಲ್ಲಿ ಮಾತ್ರ.

5.4 ಹಿಂದಿನ ಸ್ಥಿತಿಗೆ ಮರಳುವಿಕೆ. ಪ್ರೊಫೈಲಿನ ದೋಷವೆಂದು ಸ್ಥಿರವಾದ ಮೇಲೆ ಅತ್ಯಲ್ಪ ನಷ್ಟದ ಉಪಾಯವನ್ನು ಮೊದಲು ಪ್ರಯೋಗಿಸಬೇಕು. ಅದೇ ಸಂವಾದಪೆಟ್ಟಿಗೆಯಲ್ಲಿ, ಸರಿಯಾಗಿ ನಡೆಯುತ್ತಿದ್ದ ಹಿಂದಿನ ಸ್ಥಿತಿಗೆ ಸೆಟ್ಟಿಂಗನ್ನು ಮರಳಿಸುವ ಆಯ್ಕೆಯಿದೆ. ಅನಂತರದ್ದು ಎಕ್ಸ್‌ಟೆನ್ಷನ್‌ಗಳನ್ನು ನಿಷ್ಕ್ರಿಯಗೊಳಿಸುವುದು. ಅದರ ನಂತರದ್ದು ಸೆಟ್ಟಿಂಗುಗಳನ್ನು ಮಾತ್ರ ಮೂಲಸ್ಥಿತಿಗೆ ತರುವುದು. ಇಡೀ ಪ್ರೊಫೈಲನ್ನು ಹೊಸದಾಗಿಸುವುದು ಕಟ್ಟಕಡೆಯದು. ಈ ಅನುಕ್ರಮವನ್ನು ಮೀರಿ ಕಡೆಯದನ್ನೇ ಮೊದಲು ಒತ್ತುವುದು ಸಾಮಾನ್ಯವಾದ ತಪ್ಪು.

5.5 ಅರ್ಧೀಕರಣ. ಎಕ್ಸ್‌ಟೆನ್ಷನ್‌ಗಳನ್ನು ನಿಷ್ಕ್ರಿಯಗೊಳಿಸಿದಾಗ ತೊಂದರೆ ನಿಂತರೆ ಯಾವುದು ದೋಷಿ ಎಂದು ತಿಳಿಯಲು ಒಂದೊಂದನ್ನೇ ಪರೀಕ್ಷಿಸಬೇಕಿಲ್ಲ. ಅರ್ಧದಷ್ಟನ್ನು ಸಕ್ರಿಯಗೊಳಿಸಿ ನೋಡಿ, ದೋಷವಿರುವ ಅರ್ಧವನ್ನು ಮತ್ತೆ ಅರ್ಧಿಸುತ್ತ ಹೋದರೆ ಹದಿನಾರರಲ್ಲಿ ಒಂದನ್ನು ನಾಲ್ಕೇ ಪರೀಕ್ಷೆಗಳಲ್ಲಿ ಗುರುತಿಸಬಹುದು. ಒಂದೇ ಎಕ್ಸ್‌ಟೆನ್ಷನ್ ದೋಷಿಯಾಗಿದ್ದಾಗ ಈ ಲೆಕ್ಕ ಸರಿ. ಎರಡರ ಪರಸ್ಪರ ಘರ್ಷಣೆಯಿಂದ ದೋಷ ಹುಟ್ಟಿದ್ದರೆ ಯಾವ ಅರ್ಧದಲ್ಲಿಯೂ ಅದು ಕಾಣಿಸದಿರಬಹುದು. ಪ್ರತಿ ಪರೀಕ್ಷೆಯ ಫಲಿತವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಅವಶ್ಯ. ನೆನಪನ್ನು ನಂಬಿದ ಶೋಧನೆ ಮೂರನೆಯ ಪರೀಕ್ಷೆಗೇ ದಾರಿ ತಪ್ಪುತ್ತದೆ.

5.6 ಕಡತದ ಪಾಠಪರಿಶೀಲನೆ. ಸೆಟ್ಟಿಂಗ್ ಕಡತದ ನಕಲಿಗೆ ಎಕ್ಸ್‌ಎಂಎಲ್ ಎಂಬ ವಿಸ್ತರಣನಾಮ ಕೊಟ್ಟು ಬ್ರೌಸರಿನಲ್ಲಿ ತೆರೆದರೆ, ರೂಪದೋಷವಿದ್ದಲ್ಲಿ ಎಷ್ಟನೆಯ ಸಾಲಿನಲ್ಲಿ ಎಂಬುದನ್ನು ಅದು ತಿಳಿಸುತ್ತದೆ. ತುಂಡಾದ ಕಡತದಲ್ಲಿ ಮುಕ್ತಾಯದ ಟ್ಯಾಗು ಇರುವುದಿಲ್ಲ. ಅಪೂರ್ಣವಾದ ಕಡೆಯ ನಮೂದನ್ನು ತೆಗೆದು ಮುಕ್ತಾಯದ ಟ್ಯಾಗನ್ನು ಸೇರಿಸಿದರೆ ಉಳಿದ ಭಾಗ ಓದಲು ಬರುತ್ತದೆ. ಅರ್ಥದೋಷವಿರುವ ಕಡತವನ್ನು ಹಳೆಯ ಸುಸ್ಥಿತ ಪ್ರತಿಯೊಂದಿಗೆ ಸಾಲುಸಾಲಾಗಿ ಹೋಲಿಸಿ, ವ್ಯತ್ಯಾಸವಿರುವ ನಮೂದುಗಳನ್ನು ಮಾತ್ರ ಪರೀಕ್ಷಿಸಬೇಕು.

6. ಕನ್ನಡ ಬಳಕೆಯ ವಿಶೇಷ ಸಮಸ್ಯೆಗಳು

ಪ್ರೊಫೈಲ್ ಹೊಸದಾದಾಗ ಕನ್ನಡದ ಬಳಕೆದಾರರು ಮೊದಲು ಗಮನಿಸುವುದು ಅಕ್ಷರದ ರೂಪವನ್ನು. ಲಿಬ್ರೆಆಫೀಸ್ ಕನ್ನಡವನ್ನು ಸಂಕೀರ್ಣ ಲಿಪಿವಿನ್ಯಾಸದ ಭಾಷೆಗಳ ಗುಂಪಿನಲ್ಲಿ ಇರಿಸುತ್ತದೆ. ಆ ಗುಂಪಿನ ಡೀಫಾಲ್ಟ್ ಭಾಷೆ ಮತ್ತು ಫಾಂಟುಗಳನ್ನು ಲ್ಯಾಟಿನ್ ಲಿಪಿಯಿಂದ ಬೇರೆಯಾಗಿ ಆರಿಸಬೇಕು. ಈ ಆಯ್ಕೆ ಪ್ರೊಫೈಲಿನಲ್ಲಿ ಇರುವುದರಿಂದ ಅದು ಅಳಿದಾಗ ಹೊಸ ದಾಖಲೆಗಳಲ್ಲಿ ಕನ್ನಡ ಬೇರೊಂದು ಫಾಂಟಿನಲ್ಲಿ ಕಾಣಿಸುತ್ತದೆ, ಭಾಷೆಯ ಗುರುತು ಕನ್ನಡವಾಗಿರುವುದಿಲ್ಲ. ಪಠ್ಯವೇ ಕೆಟ್ಟಿತೆಂದು ಇದರಿಂದ ಗಾಬರಿಯಾಗುವುದು ಅನವಶ್ಯ. ಯುನಿಕೋಡ್ ಸಂಕೇತಗಳು ದಾಖಲೆಯಲ್ಲಿ ಹಾಗೆಯೇ ಇರುತ್ತವೆ. ಟೂಲ್ಸ್ ಪಟ್ಟಿಯ ಆಪ್ಷನ್ಸಿನಲ್ಲಿ ಭಾಷೆಯನ್ನೂ ಫಾಂಟನ್ನೂ ಮತ್ತೆ ನಿಗದಿಪಡಿಸಿದರೆ ಸಾಕು.

ಪದಕೋಶದ ವಿಷಯ ಹೀಗೆ ಸುಲಭವಲ್ಲ. ವಚನಗಳ ಅಥವಾ ಶಾಸನಗಳ ಶಬ್ದಸಂಪತ್ತನ್ನು ಕುರಿತು ಕೆಲಸ ಮಾಡುವ ಸಂಶೋಧನಾರ್ಥಿ ಕೆಂಪುಗೆರೆ ಬಿದ್ದ ಪ್ರತಿ ಪದವನ್ನೂ ಪರಿಶೀಲಿಸಿ, ಸಾಧುರೂಪವೆಂದು ನಿಶ್ಚಯಿಸಿ ಪದಕೋಶಕ್ಕೆ ಸೇರಿಸುತ್ತ ಹೋಗಿರುತ್ತಾರೆಂದು ಭಾವಿಸೋಣ. ಅಂತಹ ಪ್ರತಿ ಸೇರ್ಪಡೆಯೂ ಒಂದು ಸಣ್ಣ ಪಾಠನಿರ್ಣಯ. ಆ ನಿರ್ಣಯಗಳ ದಾಖಲೆ ಬೇರೆಲ್ಲಿಯೂ ಇರುವುದಿಲ್ಲ. ಅದೃಷ್ಟವಶಾತ್ ವರ್ಡ್‌ಬುಕ್ ಫೋಲ್ಡರಿನ ಸ್ಟ್ಯಾಂಡರ್ಡ್.ಡಿಕ್ ಎಂಬ ಕಡತ ಸರಳವಾದ ಪಠ್ಯಕಡತ. ಆರಂಭದ ಕೆಲವು ಸಾಲುಗಳಲ್ಲಿ ಕಡತದ ಬಗೆ ಮತ್ತು ಭಾಷೆಯ ವಿವರ, ಆಮೇಲೆ ಒಂದು ಅಡ್ಡಗೆರೆಯ ಸಾಲು, ಅದರ ಕೆಳಗೆ ಸಾಲಿಗೊಂದರಂತೆ ಪದಗಳು ಇರುತ್ತವೆ. ಸೆಟ್ಟಿಂಗ್ ಕಡತ ಪೂರ್ತಿ ಕೆಟ್ಟಿದ್ದರೂ ಇದು ಸುಸ್ಥಿತಿಯಲ್ಲಿರುವ ಸಂಭವವೇ ಹೆಚ್ಚು, ಏಕೆಂದರೆ ಎರಡೂ ಬೇರೆಬೇರೆ ಕಡತಗಳು.

ಆದುದರಿಂದ ಕೆಟ್ಟ ಪ್ರೊಫೈಲನ್ನು ಅಳಿಸದೆ, ತಂತ್ರಾಂಶ ಮುಚ್ಚಿರುವಾಗ ಯೂಸರ್ ಫೋಲ್ಡರಿನ ಹೆಸರನ್ನು ಮಾತ್ರ ಬದಲಿಸಬೇಕು. ತಂತ್ರಾಂಶವನ್ನು ತೆರೆದಾಗ ಅದು ಹೊಸ ಪ್ರೊಫೈಲನ್ನು ತಾನೇ ರಚಿಸಿಕೊಳ್ಳುತ್ತದೆ. ಅದನ್ನು ಮತ್ತೆ ಮುಚ್ಚಿ, ಹಳೆಯದರಿಂದ ವರ್ಡ್‌ಬುಕ್ ಫೋಲ್ಡರನ್ನು ಮೊದಲು ನಕಲಿಸಿ ತೆರೆದು ನೋಡಬೇಕು. ಸರಿಯಿದ್ದರೆ ಆಟೋಕರ್, ಅನಂತರ ಆಟೋಟೆಕ್ಸ್ಟ್, ಅನಂತರ ಟೆಂಪ್ಲೇಟ್ ಹೀಗೆ ಒಂದೊಂದನ್ನೇ ತಂದು ಪ್ರತಿ ಸಲವೂ ಪರೀಕ್ಷಿಸಬೇಕು. ದೋಷಿಯೆಂದು ಗೊತ್ತಾದ ಸೆಟ್ಟಿಂಗ್ ಕಡತವನ್ನು ಮಾತ್ರ ತರಬಾರದು. ಬ್ಯಾಕಪ್ ಫೋಲ್ಡರಿನಲ್ಲಿ ಉಳಿಸದ ಅಧ್ಯಾಯದ ಪ್ರತಿಯಿದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು.

ಪದಪಟ್ಟಿಯನ್ನು ಕೈಯಾರೆ ತಿದ್ದುವಾಗ ಸಂಕೇತಕ್ರಮದ ಎಚ್ಚರ ಅವಶ್ಯ. ಲಿಬ್ರೆಆಫೀಸಿನ ಈ ಕಡತ ಯುಟಿಎಫ್-8 ಕ್ರಮದಲ್ಲಿರುತ್ತದೆ. ಮೈಕ್ರೋಸಾಫ್ಟ್ ವರ್ಡಿನ ಕಸ್ಟಮ್.ಡಿಕ್ ಕಡತ ಯುಟಿಎಫ್-16 ಕ್ರಮದಲ್ಲಿರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ಎಎನ್‌ಎಸ್‌ಐ ಕ್ರಮದಲ್ಲಿ ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಡುತ್ತವೆ. ಒಂದೊಂದು ಅಕ್ಷರವೂ ಒಂದೇ ಚಿಹ್ನೆಯಾಗುವುದರಿಂದ ಹೀಗೆ ನಷ್ಟವಾದ ಪದವನ್ನು ಯಾವ ಊಹಾಪಾಠದಿಂದಲೂ ಮರಳಿ ಪಡೆಯಲಾಗದು. ಯಂತ್ರದ ದೋಷಕ್ಕಿಂತ ದುರಸ್ತಿಯ ದೋಷ ಹೆಚ್ಚು ಹಾನಿಕರವಾಗಬಲ್ಲದು ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ. ವರ್ಡ್ ತಂತ್ರಾಂಶದಲ್ಲಿಯೂ ಕ್ರಮ ಮೂಲತಃ ಇದೇ. ಅಲ್ಲಿ ಶೈಲಿಗಳೂ ಮ್ಯಾಕ್ರೋಗಳೂ ನೆಲೆಸಿರುವ ನಾರ್ಮಲ್ ಎಂಬ ಟೆಂಪ್ಲೇಟ್ ಕಡತ ಕೆಟ್ಟಾಗ ಅದರ ಹೆಸರನ್ನು ಬದಲಿಸಿದರೆ ವರ್ಡ್ ಹೊಸದೊಂದನ್ನು ಸೃಷ್ಟಿಸಿಕೊಳ್ಳುತ್ತದೆ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸೂತ್ರಗಳು ಫಲಿಸುತ್ತವೆ. ಸ್ತಂಭನವೆಂಬುದು ಲಕ್ಷಣವೇ ಹೊರತು ಕಾರಣವಲ್ಲ. ಕಾರಣ ತಂತ್ರಾಂಶ, ದಾಖಲೆ, ಪ್ರೊಫೈಲ್ ಈ ಮೂರರಲ್ಲಿ ಎಲ್ಲಿದೆ, ಅಥವಾ ಇವುಗಳ ಹೊರಗಿನ ಮುದ್ರಕ, ಡಿಸ್ಕು, ವಿದ್ಯುತ್ತಿನಲ್ಲಿದೆಯೇ ಎಂಬುದನ್ನು ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತ ನಿರ್ಣಯಿಸಬೇಕು. ನಷ್ಟ ಕಡಿಮೆಯಿರುವ ಉಪಾಯದಿಂದ ನಷ್ಟ ಹೆಚ್ಚಿರುವ ಉಪಾಯದ ಕಡೆಗೆ ಸಾಗಬೇಕು. ಕೆಟ್ಟ ಕಡತವನ್ನೂ ಬಿಸಾಡಬಾರದು. ಗ್ರಂಥಸಂಪಾದಕರು ದುಷ್ಟಪ್ರತಿಯನ್ನೂ ಕೈಬಿಡದಿರುವುದು ಬೇರೆಲ್ಲ ಪ್ರತಿಗಳಲ್ಲಿ ಲುಪ್ತವಾದ ಪದವೊಂದು ಅದರಲ್ಲಿಯೇ ಉಳಿದಿರಬಹುದೆಂಬ ಕಾರಣದಿಂದ. ಕೆಟ್ಟ ಪ್ರೊಫೈಲಿನೊಳಗೆ ಉಳಿದಿರುವ ಪದಕೋಶದ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ.

ಮುನ್ನೆಚ್ಚರಿಕೆಯ ಕ್ರಮಗಳು ಕಷ್ಟಸಾಧ್ಯವೇನಲ್ಲ. ತಿಂಗಳಿಗೊಮ್ಮೆ ವರ್ಡ್‌ಬುಕ್, ಆಟೋಕರ್, ಟೆಂಪ್ಲೇಟ್ ಫೋಲ್ಡರುಗಳನ್ನು ದಿನಾಂಕಸಹಿತ ನಕಲಿಸಿಡುವುದು, ವಿದ್ಯುತ್ ಅನಿಶ್ಚಿತವಾಗಿರುವ ಕಡೆ ಯುಪಿಎಸ್ ಬಳಸುವುದು, ಯಂತ್ರವನ್ನು ನಿಲ್ಲಿಸುವ ಮೊದಲು ತಂತ್ರಾಂಶ ಪೂರ್ತಿಯಾಗಿ ಮುಚ್ಚಿದೆಯೆಂದು ನೋಡಿಕೊಳ್ಳುವುದು ಇಷ್ಟರಿಂದಲೇ ಬಹುಪಾಲು ನಷ್ಟ ತಪ್ಪುತ್ತದೆ. ಇದಕ್ಕಿಂತ ಮುಖ್ಯವಾದುದು ದೃಷ್ಟಿಕೋನದ ಬದಲಾವಣೆ. ಸಂಶೋಧಕರು ತಂತ್ರಾಂಶದೊಳಗೆ ಕೂಡಿಸುವ ಪದಪಟ್ಟಿ ಯಂತ್ರದ ಸೆಟ್ಟಿಂಗ್ ಅಲ್ಲ, ಅದು ಸಂಶೋಧನೆಯ ಆಕರಸಾಮಗ್ರಿ. ಮಾರ್ಗದರ್ಶಕರು ಅಧ್ಯಾಯಗಳ ಪ್ರತಿಯನ್ನು ಕೇಳುವಂತೆ ಆ ಪಟ್ಟಿಯ ಪ್ರತಿಯನ್ನೂ ಕಾಲಕಾಲಕ್ಕೆ ಕೇಳಿ ಪಡೆಯುವ ರೂಢಿ ಬಂದರೆ, ಒಬ್ಬರ ಯಂತ್ರ ಕೆಟ್ಟರೂ ಶಬ್ದಸಂಗ್ರಹ ಉಳಿಯುತ್ತದೆ, ಮುಂದಿನ ಸಂಶೋಧನಾರ್ಥಿಗಳಿಗೂ ಅದು ಒದಗಿಬರುತ್ತದೆ.